2004ರ ಮಾರುತಿ 800 ಘಾಟಿ ಹತ್ತುವಾಗ ಹೀಟ್ ಆಗುತ್ತಿದೆ: ಇರುವ 25,000 ರೂಪಾಯಿಯಲ್ಲಿ ಯಾವುದನ್ನು ಮೊದಲು ಮಾಡಿಸಲಿ?

ತುಂಗಾತೀರ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಕಳೆದ ನವೆಂಬರಿನಲ್ಲಿ 52,000 ರೂಪಾಯಿ ಕೊಟ್ಟು 2004ರ ಮಾರುತಿ 800 ಕಾರೊಂದನ್ನು ಕೊಂಡೆ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ತಾಯಿಯವರನ್ನು ತಿಂಗಳಿಗೆ ಎರಡು ಸಲ ಚಿಕಿತ್ಸೆಗಾಗಿ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕು. ಆಗುಂಬೆ ಘಾಟಿಯ ತಿರುವುಗಳಲ್ಲಿ ಬಸ್ಸಿನ ಕುಲುಕಾಟ ಅವರಿಗೆ ತಡೆಯುವುದಿಲ್ಲ, ಪ್ರತಿ ಸಲವೂ ಬಾಡಿಗೆ ಕಾರು ಮಾಡುವಷ್ಟು ಅನುಕೂಲ ನಮಗಿಲ್ಲ. ಹಾಗಾಗಿ ಈ ಕಾರು ನಮ್ಮ ಮನೆಗೆ ಬಂತು.

ತೊಂದರೆ ಹೀಗಿದೆ. ಘಾಟಿ ಇಳಿಯುವಾಗ ಏನೂ ಇಲ್ಲ. ಮರಳಿ ಬರುವಾಗ ಸೋಮೇಶ್ವರ ದಾಟಿ ಆರನೆಯ ಅಥವಾ ಏಳನೆಯ ತಿರುವಿಗೆ ಬರುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಹತ್ತಿರ ನಿಲ್ಲುತ್ತದೆ. ಎರಡು ಸಲ ರಸ್ತೆಯ ಬದಿಗೆ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಟ್ಟು, ನೀರು ತುಂಬಿಸಿಕೊಂಡು ಮನೆ ಸೇರಿದ್ದೇನೆ. ಈಗ ಪೇಟೆಯ ಟ್ರಾಫಿಕ್ಕಿನಲ್ಲಿಯೂ ಮುಳ್ಳು ಮೇಲೇರತೊಡಗಿದೆ. ವಾರಕ್ಕೆ ಒಂದು ಲೀಟರಿನಷ್ಟು ನೀರು ಕಡಿಮೆಯಾಗುತ್ತದೆ, ಆದರೆ ನಿಲ್ಲಿಸಿದ ಜಾಗದಲ್ಲಿ ಸೋರಿದ ಗುರುತು ಕಾಣುವುದಿಲ್ಲ. ರೇಡಿಯೇಟರಿನ ನೀರು ತುಕ್ಕಿನ ಬಣ್ಣಕ್ಕೆ ತಿರುಗಿದೆ. ಹಿಂದಿನ ಮಾಲೀಕರು ಬಾವಿಯ ನೀರನ್ನೇ ಹಾಕುತ್ತಿದ್ದೆವೆಂದು ಹೇಳಿದ್ದರು. ಲೀಟರಿಗೆ 11 ಕಿಲೋಮೀಟರ್ ಮಾತ್ರ ಸಿಗುತ್ತಿದೆ.

ಇದಲ್ಲದೆ ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯುತ್ತದೆ, ಕ್ಲಚ್ ಗಟ್ಟಿಯಾಗಿದೆ, ಕೆಲವು ಬೆಳಿಗ್ಗೆ ಸೆಲ್ಫ್ ತೆಗೆದುಕೊಳ್ಳುವುದಿಲ್ಲ. ಮಳೆ ಬಂದಾಗ ಚಾಲಕರ ಕಾಲಿನ ಬಳಿ ಮ್ಯಾಟ್ ಒದ್ದೆಯಾಗುತ್ತದೆ.

ಒಂದು ಗ್ಯಾರೇಜಿನಲ್ಲಿ ಐದು ನಿಮಿಷ ನೋಡಿ, ಇಂಜಿನ್ ಕೆಳಗಿಳಿಸಿ ಪೂರ್ತಿ ಕೆಲಸ ಮಾಡಬೇಕು, 38,000 ಆಗುತ್ತದೆ ಎಂದರು. ಇನ್ನೊಂದು ಕಡೆ, ಥರ್ಮೋಸ್ಟಾಟ್ ತೆಗೆದು ದೊಡ್ಡ ರೇಡಿಯೇಟರ್ ಕೂರಿಸಿದರೆ 6,000ಕ್ಕೆ ಮುಗಿಯುತ್ತದೆ ಎಂದರು. ನನ್ನ ಬಳಿ ಇರುವುದು 25,000. ಜೂನ್ ಮೊದಲ ವಾರ ಮಳೆ ಹಿಡಿಯುವುದರೊಳಗೆ ಕಾರು ನಂಬಿಕೆಯಿಂದ ಓಡುವಂತಾಗಬೇಕು. ಇಂಜಿನ್ ನಿಜವಾಗಿಯೂ ಹೋಗಿದೆಯೇ ಎಂದು ತಿಳಿಯುವುದು ಹೇಗೆ, ಯಾವ ಕೆಲಸವನ್ನು ಮೊದಲು ಮಾಡಿಸಬೇಕು ಎಂದು ಬಲ್ಲವರು ದಯವಿಟ್ಟು ತಿಳಿಸಿ.

ಡಿಪೊ ಹಳಬ, ಹಾಸನ

ಮೇಡಂ, ನಾನು ಬಸ್ ಡಿಪೊದಲ್ಲಿ 27 ವರ್ಷ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ಮನೆಯಲ್ಲಿ ಇಂದಿಗೂ 800 ಇದೆ. ನೀವು ಬರೆದುದರಲ್ಲಿ ಇಂಜಿನ್ ಹೋಗಿದೆ ಎಂದು ಖಚಿತವಾಗಿ ಹೇಳುವ ಲಕ್ಷಣ ಒಂದೂ ಇಲ್ಲ. ಅಳತೆ ತೆಗೆಯದೆ ಇಂಜಿನ್ ಇಳಿಸಬೇಕೆಂದು ಹೇಳಿದವರ ಬಳಿಗೆ ದಯವಿಟ್ಟು ಮತ್ತೆ ಹೋಗಬೇಡಿ. ಮೊದಲು ಮಾಡಬೇಕಾದ ಪರೀಕ್ಷೆಗಳಿಗೆ ಖರ್ಚು ಬಹಳ ಕಡಿಮೆ, ಕೆಲವಕ್ಕೆ ಖರ್ಚೇ ಇಲ್ಲ.

ರೇಡಿಯೇಟರಿನ ಮುಚ್ಚಳದಿಂದ ಆರಂಭಿಸಿ. ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ಅದನ್ನು ತೆಗೆಯಬೇಕು. ಬಿಸಿ ಇರುವಾಗ ತೆಗೆದರೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತದೆ, ಹಾಗೆ ಸುಟ್ಟುಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಬರಿಯ ಮುಚ್ಚಳ ಎಂದು ತಿಳಿಯಬೇಡಿ. ಒಳಗಿನ ಸ್ಪ್ರಿಂಗು ಮತ್ತು ರಬ್ಬರು ಸೇರಿ ನೀರಿನ ಮೇಲೆ ಒತ್ತಡವನ್ನು ಹಿಡಿದಿಡುತ್ತವೆ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ, ಆದರೆ 0.9 ಎಂದು ಬರೆದ ಮುಚ್ಚಳ ಸರಿಯಾಗಿ ಕೂತಿದ್ದರೆ ಅದೇ ನೀರು 118 ಡಿಗ್ರಿಯ ಆಸುಪಾಸಿನವರೆಗೂ ಕುದಿಯದೆ ನಿಲ್ಲುತ್ತದೆ. ರಬ್ಬರು ಬಿರುಕು ಬಿಟ್ಟಿದ್ದರೆ ಒತ್ತಡ ನಿಲ್ಲುವುದಿಲ್ಲ; ನೀರು ಬೇಗನೆ ಕುದಿದು, ಪಕ್ಕದ ಬಾಟಲಿಗೆ ನುಗ್ಗಿ, ಅಲ್ಲಿಂದ ಓಡುತ್ತಿರುವ ರಸ್ತೆಯ ಮೇಲೆ ಚೆಲ್ಲಿಹೋಗುತ್ತದೆ. ನಿಲ್ಲಿಸಿದ ಜಾಗದಲ್ಲಿ ಗುರುತಿಲ್ಲದೆ ವಾರಕ್ಕೆ ಒಂದು ಲೀಟರ್ ಮಾಯವಾಗುವುದಕ್ಕೆ ಇದೊಂದೇ ಸಾಕಾಗಬಹುದು. 

ಎರಡನೆಯದಾಗಿ, ಕಾರು ಯಾವಾಗ ಹೀಟ್ ಆಗುತ್ತದೆ ಎಂಬುದರಲ್ಲಿಯೇ ಅರ್ಧ ಉತ್ತರ ಇರುತ್ತದೆ. ನಿಂತಾಗ ಅಥವಾ ನಿಧಾನವಾಗಿ ಹೋಗುವಾಗ ಮಾತ್ರ ಮುಳ್ಳು ಏರಿ, ಹೆದ್ದಾರಿಯಲ್ಲಿ ಇಳಿಯುವುದಾದರೆ ಫ್ಯಾನನ್ನು ಅನುಮಾನಿಸಬೇಕು. ವೇಗದಲ್ಲಿ ಅಥವಾ ಭಾರ ಎಳೆಯುವಾಗ ಏರುವುದಾದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು, ನೀರಿನ ಪಂಪ್ ಸೋತಿರಬಹುದು, ಅಥವಾ ಪಂಪನ್ನು ತಿರುಗಿಸುವ ಬೆಲ್ಟು ಸಡಿಲವಾಗಿರಬಹುದು. ಘಾಟಿಯಲ್ಲಿ ಎರಡನೆಯ ಗೇರಿನಲ್ಲಿ ಹತ್ತುವಾಗ ಭಾರವೂ ಹೆಚ್ಚು, ಎದುರುಗಾಳಿಯೂ ಕಡಿಮೆ. ಆದ್ದರಿಂದ ನಿಮ್ಮ ಕಾರಿನಲ್ಲಿ ಎರಡು ದೋಷಗಳು ಜೊತೆಯಾಗಿರುವ ಸಾಧ್ಯತೆ ಇದೆ ಎಂದು ನನಗೆ ತೋರುತ್ತದೆ.

ಫ್ಯಾನ್ ಪರೀಕ್ಷೆ ಹೀಗೆ. ಮನೆಯ ಮುಂದೆ ನೆರಳಿನಲ್ಲಿ ಕಾರನ್ನು ಚಾಲೂ ಮಾಡಿ ನಿಲ್ಲಿಸಿ, ಮುಳ್ಳನ್ನು ಗಮನಿಸುತ್ತಿರಿ. ಅದು ಅರ್ಧವನ್ನು ದಾಟಿದರೂ ಫ್ಯಾನ್ ತಿರುಗದಿದ್ದರೆ ಇಂಜಿನ್ ಆಫ್ ಮಾಡಿ, ಫ್ಯಾನಿನ ಪ್ಲಗ್ ಬಿಚ್ಚಿ, ಬ್ಯಾಟರಿಯಿಂದ ಎರಡು ವೈರ್ ಎಳೆದು ನೇರವಾಗಿ ಕರೆಂಟು ಕೊಡಿಸಿ ನೋಡಿ. ತಿರುಗಿದರೆ ಮೋಟಾರು ಸರಿ ಇದೆ, ದೋಷವಿರುವುದು ಫ್ಯೂಸ್, ರಿಲೇ, ಸ್ವಿಚ್ ಅಥವಾ ವೈರಿಂಗಿನಲ್ಲಿ. ಹತ್ತಿರದ ಯಾವ ಆಟೋ ಎಲೆಕ್ಟ್ರಿಷಿಯನ್ನೂ ಇದನ್ನು ಹತ್ತು ನಿಮಿಷದಲ್ಲಿ ಮಾಡಿ ತೋರಿಸುತ್ತಾರೆ. ಕೈ, ಸೀರೆ ಅಥವಾ ದುಪಟ್ಟಾದ ಸೆರಗು ಫ್ಯಾನಿನ ಹತ್ತಿರ ಬಾರದಂತೆ ನೋಡಿಕೊಳ್ಳಿ. ಇಂಜಿನ್ ಆಫ್ ಆಗಿದ್ದರೂ ಕೆಲವೊಮ್ಮೆ ಅದು ತಾನಾಗಿ ತಿರುಗುತ್ತದೆ.

ಥರ್ಮೋಸ್ಟಾಟ್ ತೆಗೆಸಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ನಮ್ಮ ಕಡೆ ಹೀಟ್ ಆಗುವ ಪ್ರತಿ ಕಾರಿಗೂ ಇದೇ ಮದ್ದು. ನೀರು 80 ಡಿಗ್ರಿಗಿಂತ ಸ್ವಲ್ಪ ಮೇಲೆ ಬಂದಾಗ ತೆರೆದುಕೊಳ್ಳುವ ಬಾಗಿಲು ಅದು. ಅದಿಲ್ಲದಿದ್ದರೆ ಇಂಜಿನ್ ತನ್ನ ಸರಿಯಾದ ಶಾಖಕ್ಕೆ ಬರಲು ಬಹಳ ಹೊತ್ತು ಹಿಡಿಯುತ್ತದೆ. ನಿಮ್ಮದು ಕಾರ್ಬ್ಯುರೇಟರ್ ಇಲ್ಲದ, ಇಂಜೆಕ್ಷನ್ ಇರುವ ಮಾದರಿ. ಇಂಜಿನ್ ಇನ್ನೂ ತಣ್ಣಗಿದೆ ಎಂದು ತಿಳಿದು ಅದರ ಕಂಪ್ಯೂಟರ್ ಹೆಚ್ಚು ಪೆಟ್ರೋಲನ್ನು ಬಿಡುತ್ತಲೇ ಇರುತ್ತದೆ. ನಿಮಗೆ ಲೀಟರಿಗೆ 11 ಕಿಲೋಮೀಟರ್ ಮಾತ್ರ ಸಿಗುತ್ತಿರುವುದನ್ನು ನೋಡಿದರೆ, ಯಾರೋ ಆಗಲೇ ಅದನ್ನು ತೆಗೆದುಹಾಕಿದ್ದಾರೆಯೇ ಎಂಬ ಅನುಮಾನ ನನಗಿದೆ. ಇದ್ದರೆ ಬಿಚ್ಚಿಸಿ, ದಾರದಲ್ಲಿ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಕಾಯಿಸಿ. ನೀರು ಕುದಿಯುವ ಮೊದಲೇ ಅದು ಕಣ್ಣಿಗೆ ಕಾಣುವಂತೆ ಬಾಯಿ ತೆರೆಯಬೇಕು.

ಇಷ್ಟಾದ ಮೇಲೆ ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ನಿನ ಮೇಲ್ಭಾಗವಾದ ಹೆಡ್ ಮತ್ತು ಕೆಳಗಿನ ಬ್ಲಾಕಿನ ನಡುವೆ ನೀರು, ಆಯಿಲ್, ಹೊಗೆ ಬೆರೆಯದಂತೆ ತಡೆಯುವ ತೆಳು ಹಾಳೆ. ಎರಡು ಸಲ ಕೆಂಪಿನವರೆಗೆ ಹೋಗಿರುವುದರಿಂದ ಇದನ್ನು ಬಿಡುವಂತಿಲ್ಲ. ಇಂಜಿನ್ ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದು ಚಾಲೂ ಮಾಡಿ ನೋಡಿ. ಮೊದಲಿಗೆ ಒಂದೆರಡು ಗುಳ್ಳೆ ಬಂದರೆ ಚಿಂತೆಯಿಲ್ಲ. ನಿಲ್ಲದೆ ಬರುತ್ತಲೇ ಇದ್ದರೆ ಸಿಲಿಂಡರಿನ ಹೊಗೆ ನೀರಿಗೆ ಸೇರುತ್ತಿದೆ ಎಂದರ್ಥ. ಆಯಿಲ್ ಹಾಕುವ ಮುಚ್ಚಳದ ಒಳಭಾಗವನ್ನೂ ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ಕನ್ನೂ ನೋಡಿ, ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಆದರೆ ನಿಮ್ಮ ಕಡೆಯ ತಂಪಿನಲ್ಲಿ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಕಾರುಗಳಲ್ಲಿ ಮುಚ್ಚಳದ ಒಳಗೆ ಮಾತ್ರ ತೆಳುವಾದ ಬಿಳಿ ನೊರೆ ಕಟ್ಟುವುದುಂಟು. ಅದು ಒಳಗಿನ ತೇವ ಅಷ್ಟೇ, ಡಿಪ್‌ಸ್ಟಿಕ್ ಸ್ವಚ್ಛವಾಗಿದ್ದರೆ ಅದರಿಂದ ಹೆದರಬೇಡಿ.

ಕೊನೆಯದಾಗಿ ಕಂಪ್ರೆಷನ್ ಪರೀಕ್ಷೆ. ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಗೇಜ್ ಇಟ್ಟು, ಆಕ್ಸಿಲರೇಟರ್ ಪೂರ್ತಿ ಒತ್ತಿಕೊಂಡು ಸೆಲ್ಫ್ ಹೊಡೆದರೆ ಪ್ರತಿ ಸಿಲಿಂಡರಿನ ಬಲ ಅಂಕಿಯಲ್ಲಿ ಸಿಗುತ್ತದೆ. ಮೂರೂ ಅಂಕಿಗಳು ಒಂದಕ್ಕೊಂದು ಶೇ. 10ರೊಳಗೆ ಇದ್ದರೆ, ಹೊಗೆಯೂ ಇಲ್ಲದಿದ್ದರೆ, ಆ ಇಂಜಿನ್ನನ್ನು ಯಾರೂ ಮುಟ್ಟಬೇಕಾಗಿಲ್ಲ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಹೋಗಿದೆ. ಆಗಲೂ ಹೆಡ್ ಮಾತ್ರ ಬಿಚ್ಚಿ, ಲೇತಿನಲ್ಲಿ ಫೇಸಿಂಗ್ ಮಾಡಿಸಿ (ಮೇಲ್ಮೈಯನ್ನು ಸಮ ಮಾಡಿಸಿ), ಹೊಸ ಗ್ಯಾಸ್ಕೆಟ್ ಹಾಕಿದರೆ ಆಯಿತು, ಇಂಜಿನ್ ಇಳಿಸುವ ಅಗತ್ಯವಿಲ್ಲ. ಈ ಅಂಕಿಗಳನ್ನು ಕಾಗದದ ಮೇಲೆ ಬರೆಸಿಕೊಳ್ಳಿ.

ಕಡಲ ಹವೆ, ಕುಂದಾಪುರ

ಹಿರಿಯರು ಹೇಳಿದ ಪರೀಕ್ಷೆಗಳನ್ನು ನಾನು ಒಪ್ಪುತ್ತೇನೆ. ಆದರೆ ಕ್ರಮದಲ್ಲಿ ನನ್ನದೊಂದು ಭಿನ್ನಾಭಿಪ್ರಾಯವಿದೆ. ನಿಮ್ಮ ಬರಹದಲ್ಲಿ ನನ್ನನ್ನು ಹೆಚ್ಚು ಕಳವಳಕ್ಕೀಡುಮಾಡಿದ್ದು ಇಂಜಿನ್ ಅಲ್ಲ, ಕಾಲಿನ ಬಳಿ ಮ್ಯಾಟ್ ಒದ್ದೆಯಾಗುತ್ತದೆ ಎಂಬ ಕೊನೆಯ ಸಾಲು. ಒಂದು ರೂಪಾಯಿಯನ್ನೂ ಖರ್ಚು ಮಾಡುವ ಮೊದಲು ಕಾರಿನ ತಳವನ್ನು ನೋಡಿ.

ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಎಂಟು ವರ್ಷಗಳ ಹಿಂದೆ ನಾನು ಇಂಥದೇ ಹಳೆಯ ಕಾರೊಂದನ್ನು ಕೊಂಡು, ಇಂಜಿನ್ ಕೆಲಸಕ್ಕೆ 17,000 ಸುರಿದೆ. ಕೆಲಸ ಮುಗಿದು ಎರಡು ತಿಂಗಳಿಗೆ ಜಾಕ್ ಕೊಟ್ಟು ಟಯರ್ ಬದಲಿಸಲು ಹೋದಾಗ ಕಾರು ಮೇಲೇಳಲಿಲ್ಲ, ಜಾಕ್ ಮಾತ್ರ ತಗಡನ್ನು ಸೀಳಿಕೊಂಡು ಒಳಗೆ ಹೋಯಿತು. ಕಾರ್ಪೆಟ್ ಕಿತ್ತು ನೋಡಿದರೆ ಕೆಳಗೆ ಉಳಿದಿದ್ದದ್ದು ಹಪ್ಪಳದಂತಹ ತುಕ್ಕು. ಚಾಲಕರ ಸೀಟಿನ ಬೋಲ್ಟು ಹಿಡಿದಿದ್ದ ಜಾಗವೂ ಬೆರಳಿಗೆ ಪುಡಿಯಾಗುತ್ತಿತ್ತು. ಹೊಸ ಇಂಜಿನ್ನಿನಂತೆ ಓಡುತ್ತಿದ್ದ ಆ ಕಾರನ್ನು ಗುಜರಿಗೆ ಕೊಡಬೇಕಾಯಿತು. ಕಡಲ ಹವೆಯಲ್ಲಿ ಉಪ್ಪು ಇದೆ ನಿಜ, ಆದರೆ ನಿಮ್ಮಲ್ಲಿ ಮಳೆ ನಮಗಿಂತ ಕಡಿಮೆಯೇನಲ್ಲ.

ಆದ್ದರಿಂದ ರಬ್ಬರ್ ಮ್ಯಾಟ್, ಅದರ ಕೆಳಗಿನ ಕಾರ್ಪೆಟ್, ಅದರ ಕೆಳಗಿನ ಫೆಲ್ಟ್ ಮೂರನ್ನೂ ಎತ್ತಿ, ಬಿಸಿಲಿನಲ್ಲಿ ನಿಲ್ಲಿಸಿ, ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಹೋಗಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ತಿಂದುಹೋದದ್ದು ಮಂದವಾಗಿ ಸದ್ದು ಮಾಡುತ್ತದೆ. ಹಾಗೆ ಸದ್ದು ಮಾಡಿದಲ್ಲಿ ತುದಿಯಿಂದ ಚುಚ್ಚಿ ನೋಡಿ. ಸರ್ವಿಸ್ ಸ್ಟೇಷನ್ನಿನಲ್ಲಿ ಕಾರನ್ನು ಮೇಲೆತ್ತಿಸಿ, ಜಾಕ್ ಕೊಡುವ ಜಾಗಗಳು, ಬಾಗಿಲ ಕೆಳಗಿನ ಉದ್ದನೆಯ ಪಟ್ಟಿ, ಮುಂದಿನ ಚಕ್ರಗಳನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್ ಕೂರುವ ಸ್ಥಳ, ಬಾನೆಟ್ಟಿನ ಒಳಗೆ ಸ್ಟ್ರಟ್ಟಿನ (ಮುಂದಿನ ಚಕ್ರದ ಶಾಕ್ ಅಬ್ಸಾರ್ಬರ್ ಇರುವ ಕಂಬದ) ತಲೆ ಮತ್ತು ಬ್ಯಾಟರಿಯ ತಟ್ಟೆ, ಇಷ್ಟನ್ನು ತಪ್ಪದೆ ನೋಡಿ. ಕಾಲಡಿಯ ತಗಡು ಮಾತ್ರ ಹೋಗಿದ್ದರೆ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಬಹುದು. ಲೋವರ್ ಆರ್ಮ್ ಕೂರುವಲ್ಲಿ ಅಥವಾ ಸ್ಟ್ರಟ್ಟಿನ ತಲೆಯಲ್ಲಿ ತುಕ್ಕು ಆಳಕ್ಕೆ ಇಳಿದಿದ್ದರೆ, ಮೇಡಂ, ನಿಮ್ಮ 25,000ವನ್ನು ಆ ಕಾರಿಗೆ ಹಾಕಬೇಡಿ. ಆ ಹಣವನ್ನೂ ಗುಜರಿಯಿಂದ ಬರುವುದನ್ನೂ ಸೇರಿಸಿ ಗಟ್ಟಿ ತಳವಿರುವ ಬೇರೊಂದನ್ನು ಹುಡುಕುವುದೇ ಮೇಲು.

ತಳ ಗಟ್ಟಿಯಾಗಿದ್ದರೆ, ನೀರು ಎಲ್ಲಿಂದ ಬರುತ್ತದೆ ಎಂಬುದನ್ನೂ ಪತ್ತೆಮಾಡಿ. ಮುಂದಿನ ಗಾಜಿನ ಬೀಡಿಂಗ್ ಒಣಗಿರಬಹುದು, ಬಾಗಿಲ ಕೆಳಗಿನ ಸಣ್ಣ ತೂತುಗಳಲ್ಲಿ ಮಣ್ಣು ಕಟ್ಟಿರಬಹುದು. ನೀರಿನ ದಾರಿ ಮುಚ್ಚದೆ ತಗಡು ಹಾಕಿಸಿದರೆ ಮೂರನೆಯ ಮಳೆಗಾಲಕ್ಕೆ ಅದೂ ಹೋಗುತ್ತದೆ.

ಬ್ರೇಕ್ ಎಳೆಯುವ ವಿಷಯವನ್ನು ನೀವು ‘ಇದಲ್ಲದೆ’ ಎಂದು ಬರೆದಿದ್ದೀರಿ. ತಾಯಿಯವರನ್ನು ಕೂರಿಸಿಕೊಂಡು ಘಾಟಿ ಇಳಿಯುವ ಕಾರಿನಲ್ಲಿ ಅದು ಮೊದಲ ಸಾಲಿನಲ್ಲಿ ಇರಬೇಕು. ಎರಡೂ ಮುಂದಿನ ಟಯರಿನ ಗಾಳಿ ಸಮನಾಗಿದ್ದರೂ ಎಡಕ್ಕೆ ಎಳೆಯುತ್ತಿದ್ದರೆ, ಬಲಗಡೆಯ ಕ್ಯಾಲಿಪರಿನ (ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗದ) ಪಿಸ್ಟನ್ ಜಾಮ್ ಆಗಿ ಹಿಡಿಯದಿರುವುದೂ ಕಾರಣವಾಗಬಹುದು, ಎಡಗಡೆಯದು ಹಿಡಿದು ಬಿಡದಿರುವುದೂ ಆಗಬಹುದು. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಎರಡೂ ಡಿಸ್ಕ್‌ಗಳ ಹತ್ತಿರ ಕೈ ಒಯ್ದು ಶಾಖವನ್ನು ಹೋಲಿಸಿ, ಮುಟ್ಟಬೇಡಿ. ಹಿಂದಿನ ಡ್ರಮ್ಮುಗಳನ್ನೂ ಬಿಚ್ಚಿಸಿ, ಬ್ರೇಕ್ ಶೂವನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರ್ ಒಸರಿ ಶೂ ಒದ್ದೆಯಾಗಿದೆಯೇ ನೋಡಿಸಿ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದ ಆಯಿಲ್ ಘಾಟಿಯ ಇಳಿಜಾರಿನಲ್ಲಿ ಬಿಸಿಯಾಗಿ ಕುದಿದರೆ ಪೆಡಲ್ ನೆಲಕ್ಕೆ ಇಳಿಯುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಬದಲಿಸಬೇಕು.

ಟಯರ್ ಬಗ್ಗೆ ನೀವು ಏನೂ ಬರೆದಿಲ್ಲ. ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ನೋಡಿ. 1419 ಎಂದಿದ್ದರೆ ಅದು 2019ರ 14ನೆಯ ವಾರದಲ್ಲಿ ತಯಾರಾದದ್ದು. ಹಲ್ಲು ಚೆನ್ನಾಗಿ ಕಂಡರೂ ಅಷ್ಟು ಹಳೆಯ ರಬ್ಬರು ಗಡುಸಾಗಿ, ಒದ್ದೆ ರಸ್ತೆಯಲ್ಲಿ ಜಾರುತ್ತದೆ.

ಬಿಡಿಭಾಗ, ಬೆಂಗಳೂರು

ಸಾಮಾನು ಕೊಳ್ಳುವ ವಿಷಯವಾಗಿ ಒಂದೆರಡು ಮಾತು. ಈ ಕಾರು 1983ರ ಕೊನೆಯಿಂದ 2014ರ ಆರಂಭದವರೆಗೆ ತಯಾರಾಯಿತು, ಇದೇ 796 ಸಿಸಿಯ ಮೂರು ಸಿಲಿಂಡರ್ ಇಂಜಿನ್ ಓಮ್ನಿಯಲ್ಲಿಯೂ ಇತ್ತು. ಹೀಗಾಗಿ ಬಿಡಿಭಾಗಗಳಿಗೆ ಕೊರತೆಯಿಲ್ಲ. ಶಿವಮೊಗ್ಗದಲ್ಲಿಯೇ ಬಹುತೇಕ ಸಿಗುತ್ತವೆ, ಸಿಗದಿದ್ದರೆ ಇಲ್ಲಿ ಜೆ.ಸಿ. ರಸ್ತೆಯಲ್ಲಿ ಹೊಸದು, ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹಳೆಯದು ದೊರೆಯುತ್ತದೆ. ಕಾರ್ಬ್ಯುರೇಟರ್ ಮಾದರಿಯ ಮತ್ತು ಇಂಜೆಕ್ಷನ್ ಮಾದರಿಯ ಸಾಮಾನುಗಳಲ್ಲಿ ವ್ಯತ್ಯಾಸಗಳಿರುವುದರಿಂದ ಬಿಚ್ಚಿದ ಹಳೆಯ ಭಾಗವನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಅಥವಾ ಆರ್.ಸಿ.ಯಲ್ಲಿರುವ ಚಾಸಿ ಸಂಖ್ಯೆಯನ್ನು ತೋರಿಸಿ.

ಬಾಗಿಲು, ಗಾಜು, ಹೆಡ್‌ಲೈಟ್, ಕನ್ನಡಿ, ಸೀಟು, ವೈಪರ್ ಮೋಟಾರು, ಇವನ್ನು ಗುಜರಿಯಿಂದ ಧೈರ್ಯವಾಗಿ ತರಬಹುದು. ಸೆಲ್ಫ್ ಮತ್ತು ಡೈನಮೋವನ್ನು ಅಂಗಡಿಯಲ್ಲಿಯೇ ಬ್ಯಾಟರಿಗೆ ಹಚ್ಚಿ ತಿರುಗಿಸಿ ತೋರಿಸಿದರೆ ಮಾತ್ರ ತೆಗೆದುಕೊಳ್ಳಿ. ಬ್ರೇಕಿಗೆ ಸಂಬಂಧಿಸಿದ ಏನನ್ನೂ, ಟಯರನ್ನೂ, ಬೆಲ್ಟನ್ನೂ, ರಬ್ಬರಿನ ಯಾವ ವಸ್ತುವನ್ನೂ ಹಳೆಯದು ತರಬೇಡಿ. ಹಳೆಯ ರೇಡಿಯೇಟರ್ ಕೂಡ ಬೇಡ, ಇನ್ನೊಬ್ಬರ ಕಾರಿನಲ್ಲಿ ಕಟ್ಟಿಕೊಂಡದ್ದನ್ನು ನೀವು ಹಣ ಕೊಟ್ಟು ತಂದಂತಾಗುತ್ತದೆ.

ಸೆಲ್ಫ್ ಬದಲಿಸುವ ಮೊದಲು ಬ್ಯಾಟರಿಯ ಟರ್ಮಿನಲ್‌ಗಳನ್ನೂ, ಬ್ಯಾಟರಿಯಿಂದ ಕಾರಿನ ಬಾಡಿಗೂ ಗೇರ್‌ಬಾಕ್ಸಿಗೂ ಹೋಗುವ ಅರ್ತ್ ವೈರನ್ನೂ ಬಿಚ್ಚಿ ಉಜ್ಜಿಸಿ. ಹಳೆಯ ಕಾರುಗಳಲ್ಲಿ ಬೆಳಿಗ್ಗೆ ಸೆಲ್ಫ್ ತೆಗೆದುಕೊಳ್ಳದಿರುವುದಕ್ಕೆ ಬಹಳ ಸಲ ಕಾರಣ ಅಲ್ಲಿನ ಕಿಲುಬು. ಇನ್ನೊಂದು ಮಾತು: ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ, 2004ರ ಕಾರಿನ ರಬ್ಬರ್ ಪೈಪುಗಳನ್ನು ಅದಕ್ಕೆಂದು ಮಾಡಿದ್ದಲ್ಲ. ಟ್ಯಾಂಕಿನಿಂದ ಇಂಜಿನ್ನಿನವರೆಗಿನ ರಬ್ಬರ್ ಜೋಡಣೆಗಳನ್ನು ಬಗ್ಗಿಸಿ ನೋಡಿ, ಬಿರುಕಿದ್ದರೆ ಅಥವಾ ಕಾರಿನೊಳಗೆ ಪೆಟ್ರೋಲಿನ ವಾಸನೆ ಬರುತ್ತಿದ್ದರೆ ಕೂಡಲೇ ಬದಲಿಸಿ. ಬೆಂಕಿಯ ವಿಷಯವಾದ್ದರಿಂದ ಇದನ್ನು ಮುಂದೂಡಬಾರದು.

ಕಾಗದಪತ್ರ, ದಾವಣಗೆರೆ

ಆರ್.ಸಿ. ಎಲ್ಲಿಯವರೆಗೆ ಇದೆ ಎಂದು ನೋಡಿದ್ದೀರಾ? ನೋಂದಣಿಯ 15 ವರ್ಷ ಮುಗಿದ ಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿ ಇತ್ತು. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರುಗಳಿಗೆ ಅದು 10,000 ಆಗಿದೆ. ನಿಮ್ಮ ಕಾರು 2024ರಲ್ಲಿ ನವೀಕರಣವಾಗಿದ್ದರೆ 2029ರವರೆಗೆ ಚಿಂತೆಯಿಲ್ಲ. ಆಗಿರದಿದ್ದರೆ ನಿಮ್ಮ ಲೆಕ್ಕವೇ ಬದಲಾಗುತ್ತದೆ. ಆರ್.ಸಿ. ನಿಮ್ಮ ಹೆಸರಿಗೆ ಆಗಿರದಿದ್ದರೆ ಫಾರಂ 29 ಮತ್ತು 30 ತುಂಬಿ ಮೊದಲು ಅದನ್ನು ಮಾಡಿಸಿ. ಎಮಿಷನ್ ಪ್ರಮಾಣಪತ್ರವನ್ನು ಈ ವಯಸ್ಸಿನ ಕಾರಿಗೆ ಆರು ತಿಂಗಳಿಗೊಮ್ಮೆ ಪಡೆಯಬೇಕು. ಥರ್ಡ್ ಪಾರ್ಟಿ ವಿಮೆಯ ಕಂತು 1,000 ಸಿಸಿಯೊಳಗಿನ ಕಾರಿಗೆ 2022ರ ಜೂನ್‌ನಲ್ಲಿ ನಿಗದಿಯಾದಂತೆ ವರ್ಷಕ್ಕೆ 2,094 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಅದಿಲ್ಲದೆ ಕಾರನ್ನು ರಸ್ತೆಗೆ ಇಳಿಸಬೇಡಿ.

ತುಂಗಾತೀರ, ತೀರ್ಥಹಳ್ಳಿ ತಾಲ್ಲೂಕು

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಉತ್ತರಿಸಿದ ಎಲ್ಲರಿಗೂ ಮನಸ್ಸಿನಾಳದಿಂದ ಕೃತಜ್ಞತೆಗಳು. ಆರ್.ಸಿ. ನನ್ನ ಹೆಸರಿನಲ್ಲಿದೆ, 2029ರವರೆಗೆ ಇದೆ, ವಿಮೆಯೂ ಇದೆ.

ಕುಂದಾಪುರದ ಅಣ್ಣನವರು ಹೇಳಿದಂತೆ ತಳವನ್ನೇ ಮೊದಲು ನೋಡಿದೆ. ಚಾಲಕರ ಕಾಲಡಿಯಲ್ಲಿ ಊಟದ ತಟ್ಟೆಯಷ್ಟು ಅಗಲಕ್ಕೆ ತಗಡು ಹೋಗಿತ್ತು. ಚುಚ್ಚಿದಾಗ ಸ್ಕ್ರೂಡ್ರೈವರ್ ಆಚೆ ಬದಿಗೆ ಹೋಗಿ ಕೆಳಗಿನ ಅಂಗಳದ ಹುಲ್ಲು ಕಂಡಿತು. ಆ ಕ್ಷಣ ಬಹಳ ಧೈರ್ಯಗೆಟ್ಟೆ. ಆದರೆ ಮೇಲೆತ್ತಿಸಿ ನೋಡಿದಾಗ ಲೋವರ್ ಆರ್ಮ್ ಕೂರುವ ಜಾಗ, ಸ್ಟ್ರಟ್ಟಿನ ತಲೆ, ಜಾಕ್ ಪಾಯಿಂಟ್‌ಗಳು ಗಟ್ಟಿಯಾಗಿಯೇ ಇದ್ದವು. ಹೋದ ಭಾಗವನ್ನು ಕತ್ತರಿಸಿ, ಹೊಸ ತಗಡು ವೆಲ್ಡ್ ಮಾಡಿ, ರೆಡ್ ಆಕ್ಸೈಡ್ ಬಳಿದು, ಕೆಳಗಿನಿಂದ ಕೋಟಿಂಗ್ ಹೊಡೆದು, ಗಾಜಿನ ಬೀಡಿಂಗ್ ಬದಲಿಸಿದ್ದಕ್ಕೆ 4,800 ಆಯಿತು.

ನಂತರ ಇಂಜಿನ್. ಕಂಪ್ರೆಷನ್ ಅಂಕಿಗಳು 158, 152, 156 ಬಂದವು. ಡಿಪ್‌ಸ್ಟಿಕ್ ಸ್ವಚ್ಛವಾಗಿತ್ತು, ಗುಳ್ಳೆಗಳು ಒಂದು ನಿಮಿಷದೊಳಗೆ ನಿಂತವು. ಈ ಪರೀಕ್ಷೆಗೆ ಕೊಟ್ಟದ್ದು 400 ರೂಪಾಯಿ. ಥರ್ಮೋಸ್ಟಾಟ್ ಕೂರುವ ಜಾಗವನ್ನು ಬಿಚ್ಚಿದಾಗ, ಸರ್, ನಿಮ್ಮ ಅನುಮಾನವೇ ನಿಜವಾಗಿತ್ತು, ಒಳಗೆ ಏನೂ ಇರಲಿಲ್ಲ. ಮುಚ್ಚಳದ ರಬ್ಬರು ಮೂರು ಕಡೆ ಸೀಳಿತ್ತು. ಫ್ಯಾನಿಗೆ ನೇರ ಕರೆಂಟು ಕೊಟ್ಟಾಗ ಒಮ್ಮೆಗೇ ತಿರುಗಿತು. ದೋಷವಿದ್ದದ್ದು ಪ್ಲಗ್ಗಿನಲ್ಲಿ, ಎರಡು ಪಿನ್ನುಗಳ ಸುತ್ತಲೂ ಹಸಿರು ಕಿಲುಬು ಹಿಟ್ಟಿನಂತೆ ಕಟ್ಟಿಕೊಂಡಿತ್ತು. ರೇಡಿಯೇಟರಿನ ಕೆಳಗಿನ ಮೂರನೆಯ ಒಂದು ಭಾಗ ಇಂಜಿನ್ ಕಾದ ಮೇಲೂ ತಣ್ಣಗೇ ಇತ್ತು. ಅದನ್ನು ಬಿಚ್ಚಿ ಬೋರಲು ಹಾಕಿದಾಗ ಕೆಸರಿನಂತಹ ಕಂದು ಗಸಿ ಬಿತ್ತು.

ಹೊಸ ರೇಡಿಯೇಟರ್ 3,100, ಥರ್ಮೋಸ್ಟಾಟ್ 420, ಮುಚ್ಚಳ 160, ಮೇಲಿನ ಮತ್ತು ಕೆಳಗಿನ ಹೋಸ್ ಪೈಪುಗಳು ಕ್ಲಿಪ್ ಸಹಿತ 520, ಕೂಲೆಂಟ್ (ರೇಡಿಯೇಟರಿಗೆ ನೀರಿನ ಬದಲು ಹಾಕುವ ಬಣ್ಣದ ದ್ರವ) 700, ಫ್ಯಾನಿನ ಪ್ಲಗ್ 350, ಕೂಲಿ 1,500. ಬ್ರೇಕಿಗೆ ಬಲಗಡೆಯ ಕ್ಯಾಲಿಪರ್ ಕಿಟ್, ಮುಂದಿನ ಪ್ಯಾಡುಗಳು, ಹಿಂದಿನ ಶೂ, ಎರಡೂ ವೀಲ್ ಸಿಲಿಂಡರ್, ಆಯಿಲ್ ಮತ್ತು ಕೂಲಿ ಸೇರಿ 4,350 ಆಯಿತು. ಮುಂದಿನ ಎರಡು ಟಯರುಗಳ ಅಂಕಿ 3115 ಇತ್ತು, ಅವನ್ನು ಬದಲಿಸಲು 5,200 ಕೊಟ್ಟೆ. ಪೆಟ್ರೋಲ್ ಪೈಪುಗಳು, ಫಿಲ್ಟರ್ ಮತ್ತು ಅರ್ತ್ ವೈರಿಗೆ 900. ಸೆಲ್ಫ್ ಈಗ ಪ್ರತಿ ಬೆಳಿಗ್ಗೆ ಮೊದಲ ಸಲಕ್ಕೇ ತೆಗೆದುಕೊಳ್ಳುತ್ತಿದೆ. ಒಟ್ಟು 22,400 ಖರ್ಚಾಗಿ 2,600 ಉಳಿದಿದೆ.

ಕಳೆದ ಭಾನುವಾರ ತಾಯಿಯವರನ್ನು ಮನೆಯಲ್ಲಿ ಬಿಟ್ಟು, ತಮ್ಮನನ್ನು ಜೊತೆಗೆ ಕೂರಿಸಿಕೊಂಡು ಸೋಮೇಶ್ವರದವರೆಗೆ ಇಳಿದು ತಿರುಗಿ ಹತ್ತಿದೆ. ಏಳನೆಯ ತಿರುವಿನಲ್ಲಿ ಮುಳ್ಳು ಅರ್ಧದಲ್ಲಿತ್ತು. ಒಂಬತ್ತನೆಯದರಲ್ಲಿ ಒಂದು ಗೆರೆಯಷ್ಟು ಮೇಲೆ ಬಂತು, ನನ್ನ ಕೈ ಬೆವರಿತು, ಅಷ್ಟರಲ್ಲಿ ಮುಂದಿನಿಂದ ಫ್ಯಾನಿನ ಸದ್ದು ಕೇಳಿಸಿತು. ಹನ್ನೊಂದನೆಯ ತಿರುವಿಗೆ ಮುಳ್ಳು ಮತ್ತೆ ತನ್ನ ಜಾಗಕ್ಕೆ ಇಳಿದಿತ್ತು. ಹದಿನಾಲ್ಕೂ ತಿರುವು ದಾಟಿ ಆಗುಂಬೆಯ ಚೆಕ್‌ಪೋಸ್ಟ್ ಬಳಿ ನಿಲ್ಲಿಸಿದಾಗ ತಮ್ಮ ಬಾನೆಟ್ ಎತ್ತಿ ನೋಡಿದ, ಎಲ್ಲಿಯೂ ಒಂದು ಹನಿ ಹೊರಗೆ ಬಂದಿರಲಿಲ್ಲ.

ಎರಡು ಸಂದೇಹಗಳು ಉಳಿದಿವೆ. ಕೂಲೆಂಟ್ ಹಾಕಿಸಿದ ಮೊದಲ ವಾರದಲ್ಲಿ ಬಾಟಲಿಯ ಮಟ್ಟ ಒಂದು ಬೆರಳಿನಷ್ಟು ಇಳಿದಿದೆ. ಇದು ಸಹಜವೇ? ಕ್ಲಚ್ ಇನ್ನೂ ಗಟ್ಟಿಯಾಗಿಯೇ ಇದೆ, ಉಳಿದ ಹಣದಲ್ಲಿ ಕ್ಲಚ್ ಪ್ಲೇಟ್ ಕೆಲಸ ಸಾಧ್ಯವಾಗುವುದಿಲ್ಲ.

ಡಿಪೊ ಹಳಬ, ಹಾಸನ

ಮೇಡಂ, ಬಹಳ ಸಂತೋಷವಾಯಿತು. ತಳ ನೋಡುವುದನ್ನು ಮೊದಲು ಹೇಳಬೇಕಾಗಿತ್ತು, ಕುಂದಾಪುರದವರ ಕ್ರಮವೇ ಸರಿ. ಆ 158, 152, 156 ಎಂದು ಬರೆಸಿಕೊಂಡ ಕಾಗದವನ್ನು ಕಾರಿನಲ್ಲಿಯೇ ಇಟ್ಟಿರಿ. ಮುಂದೆ ಯಾರಾದರೂ ಇಂಜಿನ್ ಬಿಚ್ಚಬೇಕೆಂದರೆ ಅದನ್ನು ತೋರಿಸಿ, ಅವರ ಗೇಜಿನ ಅಂಕಿಯನ್ನೂ ಕೇಳಿ.

ಹೊಸದಾಗಿ ನೀರು ತುಂಬಿಸಿದಾಗ ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಮೊದಲ ಕೆಲವು ಓಟಗಳಲ್ಲಿ ಹೊರಗೆ ಬರುತ್ತದೆ, ಆ ಜಾಗಕ್ಕೆ ಬಾಟಲಿಯಿಂದ ಕೂಲೆಂಟ್ ಹೋಗುತ್ತದೆ. ಒಂದು ಬೆರಳು ಇಳಿದದ್ದು ಅದೇ ಇರಬೇಕು. ಬೆಳಿಗ್ಗೆ ತಣ್ಣಗಿರುವಾಗ ಮೇಲಿನ ಗೆರೆಯವರೆಗೆ ಅದೇ ಬಣ್ಣದ ಕೂಲೆಂಟನ್ನು ತುಂಬಿಸಿ, ಬಾಟಲಿಯ ಮೇಲೆ ಪೆನ್ನಿನಿಂದ ಗುರುತು ಹಾಕಿ. ಬಾವಿಯ ನೀರನ್ನು ಇನ್ನು ಸೇರಿಸಬೇಡಿ. ಎರಡನೆಯ ವಾರವೂ ಇಳಿದರೆ ನೀರಿನ ಪಂಪಿನ ಕೆಳಗಿನ ಸಣ್ಣ ತೂತಿನಲ್ಲಿ ಒಸರಿದ ಗುರುತಿದೆಯೇ ಎಂದು ನೋಡಿಸಿ. ಹೊಸ ಹೋಸ್ ಪೈಪುಗಳು ಶಾಖಕ್ಕೆ ಒಗ್ಗಿ ಸ್ವಲ್ಪ ಕೂರುತ್ತವೆ, ಆದ್ದರಿಂದ ಮಣಿಪಾಲಕ್ಕೆ ಹೋಗಿಬಂದ ಮಾರನೆಯ ಬೆಳಿಗ್ಗೆ ನಾಲ್ಕೂ ಕ್ಲಿಪ್ಪುಗಳನ್ನು ಅರ್ಧ ಸುತ್ತು ಬಿಗಿ ಮಾಡಿ.

ಕ್ಲಚ್ ಪ್ಲೇಟಿನ ಕೆಲಸ ಈಗಲೇ ಬೇಕಾಗಿಲ್ಲದಿರಬಹುದು. ನಾಲ್ಕನೆಯ ಗೇರಿನಲ್ಲಿ ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ನಿನ ಸದ್ದು ಏರಿ ಕಾರು ಮಾತ್ರ ಮುಂದೆ ಹೋಗದಿದ್ದರೆ ಪ್ಲೇಟ್ ಸವೆದಿದೆ ಎಂದರ್ಥ. ಹಾಗಿಲ್ಲದೆ ಪೆಡಲ್ ಮಾತ್ರ ಗಟ್ಟಿಯಾಗಿದ್ದರೆ ಬಹುಶಃ ಕೇಬಲ್ ಒಳಗೆ ತುಕ್ಕು ಹಿಡಿದಿದೆ. ಕೇಬಲ್ ಬದಲಿಸಲು ಕೂಲಿ ಸೇರಿ 700 ದಾಟಲಾರದು. ಅದನ್ನು ಮಳೆಗೆ ಮೊದಲೇ ಮಾಡಿಸಿ, ಏಕೆಂದರೆ ಗಟ್ಟಿಯಾದ ಕೇಬಲ್ ಒಂದು ದಿನ ತುಂಡಾಗುತ್ತದೆ, ಅದು ಘಾಟಿಯ ನಡುವೆ ಆಗಬಾರದು. ಉಳಿದದ್ದರಲ್ಲಿ ಸ್ಟೆಪ್ನಿ ಟಯರಿನ ಅಂಕಿಯನ್ನೂ ಒಮ್ಮೆ ನೋಡಿ.